ಬಿಸಿಲು, ಮಳೆ ಮತ್ತು ಇದ್ದಿಲಿನ ವಯಸ್ಸು

ಮಣ್ಣಿಗೆ ಹಾಕಿದ ಇದ್ದಿಲು ಶತಮಾನಗಟ್ಟಲೆ ಕದಲದೆ ಉಳಿಯುತ್ತದೆ ಎಂಬ ಭರವಸೆಯೇ, ಮಣ್ಣಿಗೆ ಹಾಕಲೆಂದೇ ಮಾಡುವ ಇದ್ದಿಲಾದ ಬಯೋಚಾರ್‌ನ ಬಂಡವಾಳ. ಆ ಭರವಸೆ ಹುಟ್ಟಿದ್ದು ಅಮೆಜಾನಿನಲ್ಲಿ. ಅಲ್ಲಿನ ಬಡ ಮಣ್ಣಿನ ನಡುವೆ ಅಲ್ಲಲ್ಲಿ ಸಿಗುವ ‘ತೆರ್ರಾ ಪ್ರೇತಾ’ ಎಂಬ ಫಲವತ್ತಾದ ಕಪ್ಪು ಮಣ್ಣು ಮೂಲನಿವಾಸಿಗಳ ಒಲೆ, ತಿಪ್ಪೆಗಳಿಂದ ಆದದ್ದು. ಡಚ್ ಮಣ್ಣುವಿಜ್ಞಾನಿ ವಿಮ್ ಸೊಂಬ್ರೂಕ್ 1966ರ ತಮ್ಮ ಗ್ರಂಥದಲ್ಲಿ ಅದನ್ನು ವಿವರಿಸಿದರು. ಅದರಲ್ಲಿರುವ ಇದ್ದಿಲಿಗೆ ನೂರಾರು ವರ್ಷ ವಯಸ್ಸಾಗಿದೆ ಎಂಬುದನ್ನು ಮಾತ್ರ ಉತ್ಸಾಹಿಗಳು ಬೇಗ ಮರೆತರು.

ಹೊಸ ಇದ್ದಿಲಿನ ಸ್ವಭಾವವೇ ಬೇರೆ. ಅದರಲ್ಲಿ ಕ್ಷಾರ ಹೆಚ್ಚು, ಬಹಳಷ್ಟು ಸಲ ಅದು ಬೇಗ ನೆನೆಯುವುದೂ ಇಲ್ಲ. ಗಾಳಿ, ನೀರು ತಾಗುತ್ತ ಹೋದಂತೆ ಆಮ್ಲಜನಕ ಅದರ ಮೈಯನ್ನು ಹತ್ತಿ, ಋಣ ವಿದ್ಯುದಂಶವುಳ್ಳ ಗುಂಪುಗಳು ಮೂಡುತ್ತವೆ. ಪೊಟ್ಯಾಶ್, ಸುಣ್ಣದಂಥ ಪೋಷಕಾಂಶಗಳನ್ನು ಹಿಡಿದಿಡುವುದು ಅವೇ. ಎಂದರೆ ನಾವು ಹೊಗಳುವ ಗುಣ ಬರುವುದು ಇದ್ದಿಲು ಸವೆಯುವುದರಿಂದಲೇ.

ಇದನ್ನು ಅಳೆಯಲು ಕಾರ್ನೆಲ್ ವಿಶ್ವವಿದ್ಯಾಲಯದ ಯೋಹಾನೆಸ್ ಲೇಮನ್ ಅವರ ತಂಡ ಹಿಡಿದ ದಾರಿ ಜಾಣತನದ್ದು. ಕೆನಡಾದ ಕ್ವಿಬೆಕ್‌ನಿಂದ ಅಮೆರಿಕದ ಜಾರ್ಜಿಯಾವರೆಗೆ ಹಳೆಯ ಕಬ್ಬಿಣದ ಕುಲುಮೆಗಳ ಬಳಿ ಬಿದ್ದಿದ್ದ, ಸುಮಾರು 130 ವರ್ಷದ ಇದ್ದಿಲನ್ನು ಅವರು ಹೊಸದರೊಡನೆ ಹೋಲಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆಮ್ಲಜನಕದ ಪಾಲು ಸುಮಾರು ಶೇ 7ರಿಂದ ಶೇ 25ಕ್ಕೆ ಏರಿತ್ತು. ಬೆಚ್ಚಗಿನ ಊರುಗಳಲ್ಲಿ ಬದಲಾವಣೆ ಹೆಚ್ಚು. ಸೂಕ್ಷ್ಮಜೀವಿಗಳಿಲ್ಲದೆಯೂ ಈ ಉತ್ಕರ್ಷಣ ನಡೆಯುತ್ತದೆ ಎಂದು ಅದೇ ತಂಡ 2006ರಲ್ಲೇ ತೋರಿಸಿತ್ತು. ಬೆಚ್ಚಗಿರುವ ನಮ್ಮ ಹೊಲಗಳಲ್ಲಿ ಇದ್ದಿಲು ಬೇಗ ಮಾಗೀತು ಎಂದು ಊಹಿಸಬಹುದು.

ಇನ್ನು ಬಿಸಿಲು. ಅದು ಮಣ್ಣಿನೊಳಗೆ ಒಂದು ಮಿಲಿಮೀಟರಿನಷ್ಟೂ ಇಳಿಯುವುದು ಕಷ್ಟ. ಉಳುಮೆಯಲ್ಲಿ ಹೂತ ಇದ್ದಿಲಿಗೆ ಅದರ ಭಯವಿಲ್ಲ. ಆದರೆ ಸವೆದ ಇದ್ದಿಲು ನೀರಿನಲ್ಲಿ ಕರಗುತ್ತದೆ. ಹೀಗೆ ಕರಗಿದ ಸುಟ್ಟ ಇಂಗಾಲ ನದಿಗಳ ಮೂಲಕ ವರ್ಷಕ್ಕೆ ಸುಮಾರು 2.7 ಕೋಟಿ ಟನ್ ಸಮುದ್ರ ಸೇರುತ್ತದೆ ಎಂದು 2013ರ ಅಧ್ಯಯನವೊಂದು ಅಂದಾಜಿಸಿತು. ಹೊಳೆಯ ನೀರಿಗೆ ಬಂದ ಮೇಲೆ ಬಿಸಿಲಿನ ಆಟ ಶುರು. ಕರಗಿದ ಆ ಇಂಗಾಲದ ಉಂಗುರದಾಕಾರದ ಗಟ್ಟಿ ಅಣುಗಳೇ ಅತಿನೇರಳೆ ಕಿರಣವನ್ನು ಚೆನ್ನಾಗಿ ಹೀರಿ ಒಡೆಯುತ್ತವೆ. ಉತ್ತರ ಅಟ್ಲಾಂಟಿಕ್‌ನ ಆಳದಿಂದ ತಂದ ನೀರನ್ನು ಸಂಶೋಧಕರು ಕೃತಕ ಬಿಸಿಲಿನಲ್ಲಿ 28 ದಿನ ಇಟ್ಟು ನೋಡಿದರು. ಕತ್ತಲಲ್ಲಿ ಸಾವಿರಾರು ವರ್ಷ ಬಾಳಿದ್ದ ಸುಟ್ಟ ಇಂಗಾಲದ ದೊಡ್ಡ ಪಾಲು ಅಷ್ಟರಲ್ಲಿ ಇಲ್ಲವಾಗಿತ್ತು.