ಒಂದು ಯುನಿಟ್ ಕರೆಂಟಿಗೆ ಮೂರು ಯುನಿಟ್ ಬಿಸಿ

ಇಂಗಾಲದ ಹೊಗೆ ಇಳಿಯಬೇಕಾದರೆ ಕಾರ್ಖಾನೆಗೆ ಬೀಗ ಹಾಕಬೇಕು ಎನ್ನುವವರು ಹೀಟ್ ಪಂಪನ್ನು ಒಮ್ಮೆ ನೋಡಬೇಕು. ಒಂದು ಯುನಿಟ್ ವಿದ್ಯುತ್ ತಿಂದು ಇದು ಮೂರು ಯುನಿಟ್ ಶಾಖ ಕೊಡುತ್ತದೆ ಎಂದಾಗ ಓದಿದವರೂ ಹುಬ್ಬೇರಿಸುತ್ತಾರೆ. ಇದರಲ್ಲಿ ಮಾಟವೇನಿಲ್ಲ. ಬಾವಿಯ ಪಂಪು ನೀರನ್ನು ಹುಟ್ಟಿಸದೆ ಬರೀ ಮೇಲೆತ್ತುವ ಹಾಗೆ, ಇದು ಹೊರಗಿನ ಗಾಳಿಯ ಶಾಖವನ್ನು ಎತ್ತಿ ನೀರಿಗೆ ಸೇರಿಸುತ್ತದೆ. 1852ರಲ್ಲೇ ಭೌತವಿಜ್ಞಾನಿ ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್) ಇದರ ತತ್ವ ಹೇಳಿದ್ದ. ಅದಾಗಿ ನಾಲ್ಕೇ ವರ್ಷಕ್ಕೆ ಆಸ್ಟ್ರಿಯಾದ ಎಂಜಿನಿಯರ್ ರಿಟ್ಟಿಂಗರ್ ಉಪ್ಪುನೀರು ಬತ್ತಿಸಲು ಇಂಥದೊಂದನ್ನು ಕಟ್ಟಿಯೇಬಿಟ್ಟ.

ಒಳಗೆ ಹರಿಯುವುದು ಪ್ರೊಪೇನಿನಂಥ ಶೀತಕ. ಅದು ಕುದಿಯುವುದು ಮೈನಸ್ 42 ಡಿಗ್ರಿಯಲ್ಲಿ. ಹಾಗಾಗಿ ನಮಗೆ ತಣ್ಣಗೆನಿಸುವ ಗಾಳಿಯೂ ಅದನ್ನು ಆವಿ ಮಾಡಬಲ್ಲದು. ಕಂಪ್ರೆಸರ್ ಆ ಆವಿಯನ್ನು ಒತ್ತಿದಾಗ ಕಾವೇರುತ್ತದೆ, ನೀರಿಗೆ ಶಾಖ ಕೊಟ್ಟು ಮತ್ತೆ ದ್ರವವಾಗುತ್ತದೆ, ಸಣ್ಣ ಕವಾಟ ದಾಟಿ ಒತ್ತಡ ಕಳೆದುಕೊಂಡು ತಣ್ಣಗಾಗುತ್ತದೆ.

200 ಲೀಟರ್ ನೀರನ್ನು 25ರಿಂದ 55 ಡಿಗ್ರಿಗೆ ಏರಿಸಲು ಸುಮಾರು 7 ಯುನಿಟ್ ಶಾಖ ಬೇಕು. ಗೀಸರ್ ಅಷ್ಟನ್ನೂ ಮೀಟರಿನಿಂದ ಎಳೆಯುತ್ತದೆ. ಒಳ್ಳೆಯ ಹೀಟ್ ಪಂಪಿಗೆ 2 ಸಾಕು. ಆದರೆ ಎತ್ತುವ ಅಂತರ ಹೆಚ್ಚಿದಷ್ಟೂ ಲಾಭ ಕರಗುತ್ತದೆ. ಹೊರಗಿನ ಗಾಳಿ 25 ಡಿಗ್ರಿ ಇದ್ದಾಗ ಒಂದು ಯುನಿಟ್ ಕರೆಂಟಿಗೆ ಸಿಗಬಹುದಾದ ಶಾಖದ ಸೈದ್ಧಾಂತಿಕ ಮಿತಿಯೇ 55 ಡಿಗ್ರಿ ನೀರಿಗೆ 10.9 ಯುನಿಟ್ ಇದ್ದದ್ದು 65ಕ್ಕೆ 8.5ಕ್ಕೆ ಇಳಿಯುತ್ತದೆ, ನಿಜವಾದ ಯಂತ್ರಕ್ಕೆ ದಕ್ಕುವುದು ಇದರ ಮೂರನೇ ಒಂದು ಪಾಲಿನ ಆಸುಪಾಸು. "ಇರಲಿ" ಎಂದು ಥರ್ಮೋಸ್ಟಾಟನ್ನು ಮೇಲೇರಿಸಿಟ್ಟರೆ ಬಿಲ್ಲೂ ಮೇಲೇರುತ್ತದೆ. ಗಾಳಿಯಾಡದ ಚಿಕ್ಕ ಕೋಣೆಯಲ್ಲಿ ಕೂರಿಸಿದರೆ ತಾನೇ ತಣ್ಣಗೆ ಮಾಡಿದ ಗಾಳಿಯನ್ನು ಮತ್ತೆ ಹೀರಿ ಏದುಸಿರು ಬಿಡುತ್ತದೆ. ಶೀತಕ ಸೋರಿದರಂತೂ ಇನ್ನೂ ಕೆಟ್ಟದ್ದು: ಆರ್-134ಎ ಎಂಬ ಶೀತಕ ಒಂದು ಕಿಲೋ ಸೋರಿದರೆ ನೂರು ವರ್ಷಗಳ ಲೆಕ್ಕದಲ್ಲಿ ಸುಮಾರು 1,500 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಪ್ರೊಪೇನಿಗೆ ಆ ದೋಷವಿಲ್ಲ, ಆದರೆ ಬೆಂಕಿ ಹೊತ್ತಿಕೊಳ್ಳುತ್ತದೆ.

ಇದರ ನಿಜವಾದ ಗಮ್ಮತ್ತು ಡೈರಿಯಲ್ಲಿ. ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ 4ಕ್ಕೆ ಇಳಿಸಬೇಕು. ಹಾಲಿನಿಂದ ಹಾಲಿಗೇ ಶಾಖ ದಾಟಿಸುವ ಪ್ಲೇಟುಗಳು ಬಹುಪಾಲನ್ನು ಉಳಿಸುತ್ತವೆ, ನಿಜ. ಆದರೂ ಅನೇಕ ಕಡೆ ಶೀತಲ ಯಂತ್ರ ಒಂದು ಬದಿ ಶಾಖವನ್ನು ಗಾಳಿಗೆ ಚೆಲ್ಲುತ್ತಿರುತ್ತದೆ, ಇನ್ನೊಂದು ಬದಿ ಪೈಪು ತೊಳೆಯುವ ಬಿಸಿನೀರಿಗಾಗಿ ಬಾಯ್ಲರ್ ಇಂಧನ ಉರಿಸುತ್ತಿರುತ್ತದೆ! ನಡುವೆ ಹೀಟ್ ಪಂಪ್ ಇಟ್ಟರೆ ಒಂದೇ ಕರೆಂಟಿನಲ್ಲಿ ಎರಡೂ ಕೆಲಸ. ಉತ್ಪಾದನೆ ಒಂದು ಲೀಟರೂ ಕಡಿಮೆಯಾಗುವುದಿಲ್ಲ.

1,450 ಡಿಗ್ರಿ ಬೇಡುವ ಸಿಮೆಂಟ್ ಗೂಡಿಗೆ ಇದು ಸಲ್ಲದು. ಆದರೆ 70 ಡಿಗ್ರಿ ನೀರಿಗಾಗಿ 150 ಡಿಗ್ರಿ ಹಬೆ ತಯಾರಿಸುವ ಕಾರ್ಖಾನೆ ಮೊದಲು ಒಂದು ಥರ್ಮಾಮೀಟರ್ ಕೊಳ್ಳಲಿ.