ನೇರ ಗೆರೆಗೆ ಶಾಕ್ ಕೊಡೋದಿಲ್ಲ

ಸಿನಿಮಾದಲ್ಲಿ ಮಾನಿಟರಿನ ಗೆರೆ ನೇರವಾಗುತ್ತದೆ, ಡಾಕ್ಟರು ಓಡಿ ಬಂದು ಶಾಕ್ ಕೊಡುತ್ತಾರೆ, ರೋಗಿ ಕಣ್ಣು ಬಿಡುತ್ತಾನೆ. ಇದನ್ನು ನೋಡಿದಾಗಲೆಲ್ಲ ನನಗೆ ಸುಮ್ನೆ ಕೂರೋಕಾಗಲ್ಲ. ನೇರ ಗೆರೆಗೆ ಶಾಕ್ ಕೆಲಸ ಮಾಡುವುದಿಲ್ಲ. ಆಗ ಎದೆ ಒತ್ತಬೇಕು, ಅಡ್ರಿನಲಿನ್ ಕೊಡಬೇಕು. ಶಾಕ್ ಬೇಕಾಗುವುದು ಗೆರೆ ಅಡ್ಡಾದಿಡ್ಡಿ ಕುಣಿಯುವಾಗ. ಅದಕ್ಕೆ ವೆಂಟ್ರಿಕ್ಯುಲರ್ ಫಿಬ್ರಿಲೇಶನ್ ಅನ್ನುತ್ತಾರೆ.

ಜಾತ್ರೆಯಲ್ಲಿ ತೇರೆಳೆಯುವುದನ್ನು ನೋಡಿದ್ದೀರಲ್ವಾ? ಒಬ್ಬ ಕೂಗು ಹಾಕುತ್ತಾನೆ, ನೂರಾರು ಕೈ ಒಟ್ಟಿಗೆ ಹಗ್ಗ ಜಗ್ಗುತ್ತವೆ, ತೇರು ಉರುಳುತ್ತದೆ. ಹೃದಯದಲ್ಲಿ ಆ ಕೂಗು ಹಾಕುವುದು ಸೈನಸ್ ನೋಡ್ ಅನ್ನೋ ಪುಟ್ಟ ಜೀವಕೋಶಗಳ ಗುಂಪು, ಸುಮ್ಮನೆ ಕೂತಿದ್ದಾಗ ನಿಮಿಷಕ್ಕೆ 60ರಿಂದ 100 ಸಲ. ಫಿಬ್ರಿಲೇಶನ್ ಆದಾಗಲೂ ಎಲ್ಲರೂ ಜಗ್ಗುತ್ತಲೇ ಇರುತ್ತಾರೆ, ಆದರೆ ಒಬ್ಬೊಬ್ಬರು ಒಂದೊಂದು ಹೊತ್ತಿಗೆ. ತೇರು ಕದಲುವುದಿಲ್ಲ. ರಕ್ತ ಹರಿಯುವುದಿಲ್ಲ. ಕೆಲವೇ ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ. ಶಾಕ್ ಎಲ್ಲರ ಕೈಯಿಂದಲೂ ಒಮ್ಮೆಗೇ ಹಗ್ಗ ಬಿಡಿಸುತ್ತದೆ, ಗಲಾಟೆ ಕ್ಲಾಸಿನಲ್ಲಿ ಮೇಷ್ಟ್ರು ಮೇಜು ಕುಟ್ಟಿದ ಹಾಗೆ. ಆ ಕ್ಷಣದ ಮೌನದಲ್ಲಿ ಹಳೆಯ ಕೂಗು ಮತ್ತೆ ಕೇಳಿಸಬೇಕು. ನೇರ ಗೆರೆ ಎಂದರೆ ಹಗ್ಗ ಆಗಲೇ ನೆಲಕ್ಕೆ ಬಿದ್ದಿದೆ, ಬಿಡಿಸೋಕೆ ಏನಿದೆ?

ಎದೆ ಒತ್ತುವವರೂ ಇಲ್ಲದೆ ಶಾಕ್ ತಡವಾದರೆ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಸುಮಾರು ಶೇ. 7ರಿಂದ 10ರಷ್ಟು ಇಳಿಯುತ್ತದೆ. ಅದಕ್ಕೇ ಆಸ್ಪತ್ರೆಯಲ್ಲಿ ಹೃದ್ರೋಗಿಗಳಿಗೆ ಮಾನಿಟರಿನ ಈ ಹಗಲಿರುಳಿನ ಕಾವಲು. ದೂರದಿಂದ ಹೃದಯ ನೋಡುವ ಆಸೆ ಹಳೆಯದು. 1905ರಲ್ಲೇ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ವಿಜ್ಞಾನಿ ಐಂಥೋವನ್, ತನ್ನ ಇಸಿಜಿ ಯಂತ್ರ ಎತ್ತಲಾರದಷ್ಟು ಭಾರವಿದ್ದುದರಿಂದ, ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯ ರೋಗಿಗಳ ಹೃದಯದ ಅಲೆಗಳನ್ನು ಟೆಲಿಫೋನ್ ತಂತಿಯಲ್ಲಿ ಲ್ಯಾಬಿಗೆ ತರಿಸಿಕೊಂಡ! ಆದರೂ ಹೃದಯಾಘಾತದ ರೋಗಿಗಳನ್ನು ಒಂದೇ ವಾರ್ಡಿನಲ್ಲಿಟ್ಟು ಸದಾ ಕಾಯಬೇಕು ಅಂತ ಬ್ರಿಟನ್ನಿನ ಡಾಕ್ಟರ್ ಡೆಸ್ಮಂಡ್ ಜೂಲಿಯನ್ ಹೇಳಿದ್ದು 1961ರಲ್ಲಿ. ಡಾಕ್ಟರಿಗೆ ಕಾಯದೆ ನರ್ಸೇ ಶಾಕ್ ಕೊಡಬಹುದು ಎಂದಾದ ಮೇಲೆ ಎಷ್ಟೋ ಜೀವ ಉಳಿದವು. ನನ್ನ ಪ್ರಕಾರ ಯಂತ್ರಕ್ಕಿಂತ ದೊಡ್ಡ ಹೆಜ್ಜೆ ಅದು.

ಯಾಕೆಂದರೆ ಯಂತ್ರ ಮೋಸಹೋಗುತ್ತದೆ. ಅಪ್ಪ ಸಿಸಿಯುನಲ್ಲಿ, ಅಂದರೆ ಹೃದ್ರೋಗಿಗಳನ್ನು ಸದಾ ಕಾಯುವ ಅಂಥದೇ ವಾರ್ಡಿನಲ್ಲಿದ್ದಾಗ ಒಂದು ಬೆಳಿಗ್ಗೆ ಅಲಾರಂ ಕಿರುಚಿತು, ತೆರೆಯ ತುಂಬ ಗರಗಸದ ಹಲ್ಲಿನಂಥ ಗೆರೆ. ನನ್ನ ಕೈಕಾಲು ತಣ್ಣಗಾಯಿತು. ಸಿಸ್ಟರ್ ಬಂದವರೇ ಮೊದಲು ಅಪ್ಪನ ಮುಖ ನೋಡಿದರು, ಆಮೇಲೆ ತೆರೆಯ ಕೆಳಗಿದ್ದ ಇನ್ನೊಂದು ಅಲೆ, ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪಿನದು. ಅದು ನಾಡಿಯ ಜೊತೆ ಶಾಂತವಾಗಿ ಏಳುತ್ತ ಇಳಿಯುತ್ತ ಇತ್ತು. ಅಪ್ಪ ಹಲ್ಲುಜ್ಜುತ್ತಿದ್ದರು, ಅಷ್ಟೇ. ತೋಳು ಅಲುಗಿದ್ದಕ್ಕೆ ಹೃದಯದ ಅಲೆ ಹಿಡಿಯೋಕೆ ಎದೆಗೆ ಅಂಟಿಸಿದ್ದ ಸ್ಟಿಕ್ಕರೂ ಅಲುಗಿತ್ತು.

"ಉಜ್ಕೊಳ್ಳಿ ಅಂಕಲ್," ಎನ್ನುತ್ತ ಅವರು ಒಣಗಿದ ಸ್ಟಿಕ್ಕರ್ ಕಿತ್ತು ಹೊಸದು ಅಂಟಿಸಿದರು.