ಮೋನೆಗೆ ಕಣ್ಣಿನ ಪೊರೆ ಇತ್ತು, ಅದಕ್ಕೇ ಪೇಂಟಿಂಗ್ ಮಸುಕಾ?

ಫ್ರೆಂಚ್ ಚಿತ್ರಕಾರ ಕ್ಲೋದ್ ಮೋನೆಯ ಕ್ರೂಸ್ ನದಿ ಕಣಿವೆ ಪೇಂಟಿಂಗ್ ಬಗ್ಗೆ ಬರೆದಾಗಲೆಲ್ಲಾ ಇದೇ ಪ್ರಶ್ನೆ: "ಸರ್, ಅವ್ನಿಗೆ ಕಣ್ಣು ಸರಿಯಾಗಿ ಕಾಣ್ತಿರಲಿಲ್ವಂತೆ, ಅದಕ್ಕೇ ಗುಡ್ಡ ಎಲ್ಲಾ ಕಲಸಿಹೋದಂಗೆ ಇದೆಯಾ?" ಇಲ್ಲ. ಎಷ್ಟು ಸಲ ಹೇಳಿದ್ರೂ ಮತ್ತೆ ಕೇಳ್ತೀರ, ಹಾಗಾಗಿ ಈ ಸಲ ಬಿಡಿಸಿ ಬರೀತೀನಿ.

ಮೊದಲು ವರ್ಷ ನೋಡಿ. ಮಧ್ಯ ಫ್ರಾನ್ಸಿನ ಫ್ರೆಸೆಲಿನ್ ಹಳ್ಳಿ ಹತ್ರ ಈ ಕಣಿವೆ ಬರೆದಿದ್ದು 1889ರಲ್ಲಿ, ಆಗ ಅವನಿಗೆ 48. ಡಾಕ್ಟರ್ ಪೊರೆ ಅಂತ ಹೇಳಿದ್ದು 1912ರಲ್ಲಿ, ಆಪರೇಷನ್ ಆಗಿದ್ದು 1923ರಲ್ಲಿ. ಪೊರೆ ಬಲಿತ್ರೆ ನೀಲಿ ಸತ್ತುಹೋಗಿ ಎಲ್ಲಾ ಹಳದಿ-ಕಂದು ಕಡೆ ಹೋಗುತ್ತೆ, ಮುದುಕನಾದ್ಮೇಲೆ ಬರೆದ ತೋಟದ ಸೇತುವೆ ಚಿತ್ರಗಳಲ್ಲಿ ಅದು ಕಾಣುತ್ತೆ, ಅಲ್ಲಿ ಒಪ್ತೀನಿ. ಆದ್ರೆ ಕ್ರೂಸ್ ಚಿತ್ರಗಳಲ್ಲಿ ನೆರಳೆಲ್ಲಾ ನೀಲಿ, ನೇರಳೆ! ಬಾಸ್ಟನ್ ಮ್ಯೂಸಿಯಮ್ಮಲ್ಲಿ ಎರಡಿವೆ, ಒಂದು ಬಿಸಿಲಿಂದು ಒಂದು ಮೋಡ ಕವಿದ ದಿನದ್ದು, ಅದೇ ಗುಡ್ಡ ಅದೇ ನದಿ, ಬದಲಾಗಿರೋದು ಬೆಳಕು ಮಾತ್ರ, ಅಷ್ಟು ಸೂಕ್ಷ್ಮವಾಗಿ ಬೇರ್ಪಡಿಸಿರೋನಿಗೆ ಕಣ್ಣು ಕಾಣ್ತಿರಲಿಲ್ಲ ಅನ್ನೋದು ಹೇಗ್ರೀ? ಇನ್ನೊಂದು ಮಾತು, 1874ರಲ್ಲಿ ಪ್ಯಾರಿಸ್ಸಲ್ಲಿ ನಡೆದ ಇಂಪ್ರೆಷನಿಸ್ಟರ ಮೊದಲ ಪ್ರದರ್ಶನದಲ್ಲಿ ಮೋನೆ ಜೊತೆ ರೆನ್ವಾ, ಪಿಸಾರೋ, ಸಿಸ್ಲೆ ಅನ್ನೋ ಚಿತ್ರಕಾರರೂ ಇದ್ರು, ಅವರ ಬ್ರಷ್ಷೂ ಹಿಂಗೇ ಬಿಡಿಬಿಡಿ. ಎಲ್ರಿಗೂ ಒಟ್ಟಿಗೆ ಪೊರೆ ಬಂತಾ?

ಅಂಚನ್ನ ಗೆರೆ ಎಳೆದು ತೋರಿಸದೆ ಬಿಟ್ಟಿದ್ದು ಬೇಕಂತಲೇ. ಬಣ್ಣನ ಪ್ಯಾಲೆಟ್ಟಲ್ಲಿ ಪೂರ್ತಿ ಕಲಸದೆ ಪಕ್ಕಪಕ್ಕ ಇಟ್ಟಿದಾನೆ, ದೂರ ನಿಂತ್ರೆ ಕೂಡ್ಕೊಳ್ಳುತ್ತೆ. ಫೋನಲ್ಲಿ ಝೂಮ್ ಮಾಡಿ ಮಸುಕು ಅನ್ಬೇಡಿ, ದಯವಿಟ್ಟು.

ಹಾಗಾದ್ರೆ ಒಂದೇ ಕಣಿವೆನ 20ಕ್ಕೂ ಹೆಚ್ಚು ಸಲ ಯಾಕೆ ಬರೆದ? ಇದನ್ನ ಯಾರೂ ಕೇಳಲ್ಲ, ನಂಗೆ ಇಷ್ಟದ ಪ್ರಶ್ನೆನೇ ಇದು. ಬೆಳಕು ನಿಲ್ಲಲ್ಲ, ಅದು ಬದಲಾದಂಗೆ ಕ್ಯಾನ್ವಾಸ್ ಬದಲಾಯಿಸ್ತಿದ್ದ. ಚಳಿಗಾಲದ್ದು ಅಂತ ಶುರು ಮಾಡಿದ್ದು ಮಳೆಗೆ ಎಳೆದು ಎಳೆದು ಮೇ ತಿಂಗಳಿಗೆ ಬಂತು, ಅಷ್ಟೊತ್ತಿಗೆ ಚಿತ್ರದಲ್ಲಿ ಬೋಳಾಗಿದ್ದ ಓಕ್ ಮರ ಎದುರಿಗೆ ಚಿಗುರಿ ನಿಂತಿದೆ! ಜಮೀನಿನವರ ಒಪ್ಪಿಗೆ ತಗೊಂಡು, ಆಳುಗಳನ್ನ ಹತ್ತಿಸಿ ಎಲೆನೆಲ್ಲಾ ಕೀಳಿಸಿದ, ಆಮೇಲೆ ಚಿತ್ರ ಮುಂದುವರಿಸಿದ. ಆ ಜೂನ್‌ನಲ್ಲೇ ಪ್ಯಾರಿಸ್ಸಲ್ಲಿ ರೋದ್ಯಾಂ ಶಿಲ್ಪಗಳ ಜೊತೆ ಕೆಲವನ್ನ ಪ್ರದರ್ಶನಕ್ಕಿಟ್ಟ. ಮುಂದಿನ ವರ್ಷ ಹುಲ್ಲು ಬಣವೆ ಸರಣಿ ಹಿಡಿದಾಗ ಇದೇ ಪದ್ಧತಿ ಮನೆ ಪಕ್ಕದ ಹೊಲಕ್ಕೆ ಬಂತು.